ಎರಡು ಗಾಲಿಯ ಗಾಡಿಗೆ ಕಾರಿನ ಟಯರು ಸಲ್ಲುವುದೇ?

ಹಳೆಯದಕ್ಕೆ ಹೊಸ ಉಪಯೋಗ ಹುಡುಕುವುದರಲ್ಲಿ ನಮ್ಮ ಮುಂಬಯಿಗೆ ಸರಿಸಾಟಿಯಿಲ್ಲ. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಮೋಟಾರು ಸಾಮಾನಿನ ಅಂಗಡಿಗಳ ಮುಂದೆ ಒಂದು ಸುತ್ತು ಹಾಕಿದವರಿಗೆ ಇದು ತಿಳಿಯದ ಮಾತಲ್ಲ. ದಪ್ಪ ಟಯರಿನ ಮೋಹಕ್ಕೆ ಬಿದ್ದ ನಮ್ಮ ತರುಣರಲ್ಲಿ, “ಹಿಂದಿನ ಗಾಲಿಗೆ ಕಾರಿನ ಟಯರನ್ನೇ ಏರಿಸಿದರೇನು? ಬಾಳಿಕೆ ಹೆಚ್ಚು, ಖರ್ಚು ಕಡಿಮೆ” ಎಂದು ಕೇಳುವವರಿದ್ದಾರೆ. ಇದನ್ನು ನಕ್ಕು ತಳ್ಳಿಹಾಕುವುದಕ್ಕಿಂತ ವಿಚಾರ ಮಾಡಿ ನೋಡುವುದು ಲೇಸು.

ಇಂಥ ಪ್ರಯೋಗ ನಡೆದೇ ಇಲ್ಲವೆಂದಲ್ಲ. ಅಮೆರಿಕದಲ್ಲಿ ಹೋಂಡಾ ಗೋಲ್ಡ್ ವಿಂಗ್‌ನಂಥ ಭಾರಿ ಗಾಡಿಗಳ ಕೆಲವು ಸವಾರರು ಹಿಂದಿನ 16 ಇಂಚಿನ ರಿಮ್ಮಿಗೆ ಕಾರಿನ ಟಯರು ಹಾಕಿಕೊಳ್ಳುತ್ತಾರೆ. ನೇರವಾದ ಹೆದ್ದಾರಿಯಲ್ಲಿ ದಿನಗಟ್ಟಲೆ ಓಡುವ ಅವರಿಗೆ ಟಯರು ಬೇಗ ಸವೆಯದಿರುವುದೇ ದೊಡ್ಡ ಲಾಭ. ಆದರೆ ಗಾಡಿ ಮಾಡಿದವರಾಗಲಿ, ಟಯರು ಮಾಡಿದವರಾಗಲಿ ಇದನ್ನು ಒಪ್ಪುವುದಿಲ್ಲ.

ನಮ್ಮ ಊರಿನ ಲೆಕ್ಕವೇ ಬೇರೆ. ಬುಲೆಟ್ಟಿನ ಗಾಲಿ 18 ಅಥವಾ 19 ಇಂಚು. ಹಳೆಯ ಪದ್ಮಿನಿಯದು 14, ಅಂಬಾಸಿಡರಿನದು 15, ಮಾರುತಿ 800ರದು 12. ಕೂರುವ ಮಾತೇ ಇಲ್ಲ. ಹಿಂದೆ 15 ಇಂಚಿನ ಗಾಲಿಯುಳ್ಳ ಅವೆಂಜರಿನಂಥ ಗಾಡಿಗೆ ಅಂಕಿ ಸರಿಹೊಂದೀತು. ಆದರೆ ಅಂಕಿ ಒಂದಾದ ಮಾತ್ರಕ್ಕೆ ಜೋಡಿ ಒಂದಾಗದು. ಟಯರಿನ ಒಳ ಅಂಚು ಕೂರುವ ರಿಮ್ಮಿನ ಆಕಾರ ಕಾರಿಗೊಂದು, ಮೋಟಾರ್ ಸೈಕಲ್ಲಿಗೊಂದು. ಕೂರದ ಅಂಚನ್ನು ಮಿತಿಮೀರಿದ ಗಾಳಿಯಿಂದ ಕೂರಿಸಹೋದರೆ ಟಯರು ಸಿಡಿದು ಪಂಕ್ಚರ್ ಅಂಗಡಿಯ ಹುಡುಗನ ಕೈ, ಕಣ್ಣುಗಳಿಗೇ ಅಪಾಯ.

ಮುಖ್ಯವಾದ ಮಾತು ಇನ್ನೊಂದಿದೆ. ಕಾರು ನೆಟ್ಟಗೆ ನಿಂತೇ ತಿರುಗುತ್ತದೆ. ಮೋಟಾರ್ ಸೈಕಲ್ಲು ವಾಲಿ ತಿರುಗುತ್ತದೆ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಸುಮಾರು 20 ಡಿಗ್ರಿ ವಾಲಬೇಕು. 40ಕ್ಕೆ ಸುಮಾರು 32 ಡಿಗ್ರಿ. ಆದುದರಿಂದಲೇ ಅದರ ಟಯರಿನ ಮೈ ತೆಂಗಿನ ಗರಟದ ಬೆನ್ನಿನಂತೆ ದುಂಡಗಿರುತ್ತದೆ. ಮಿತಿಯೊಳಗೆ ವಾಲಿದಾಗಲೂ ನೆಲದ ಮೇಲೆ ಹಿಡಿತ ಉಳಿಯುತ್ತದೆ. ಕಾರಿನ ಟಯರಾದರೋ ಮಣೆಯಂತೆ ಚಪ್ಪಟೆ. ವಾಲಿದೊಡನೆ ಭಾರವೆಲ್ಲ ಒಂದು ಅಂಚಿಗೆ ಬೀಳುತ್ತದೆ, ಗಾಡಿ ವಾಲಲು ಹಟ ಮಾಡುತ್ತದೆ. ಆಷಾಢದ ಮಳೆಯಲ್ಲಿ, ನುಣುಪಾದ ಪೇವರ್ ಬ್ಲಾಕಿನ ಮೇಲೆ, ಹಿಂದೆ ಮಡದಿ, ನಡುವೆ ಮಗು ಕುಳಿತಿರುವಾಗ ಈ ಹಟ ಎಷ್ಟು ದುಬಾರಿಯೆಂದು ಹೇಳಬೇಕಾಗಿಲ್ಲ.

ಹಾಗಾದರೆ ಮೋಟಾರ್ ಸೈಕಲ್ಲಿಗೂ ಕಾರಿನ ಟಯರಿಗೂ ಎಲ್ಲಿಯೂ ನಂಟಿಲ್ಲವೇ? ಇದೆ. ಪಕ್ಕಕ್ಕೆ ತೊಟ್ಟಿಲು ಕಟ್ಟಿದ ಸೈಡ್‌ಕಾರಿನ ಗಾಡಿ ವಾಲುವುದಿಲ್ಲ. ಯೂರೋಪಿನಲ್ಲಿ ಅಂಥವಕ್ಕೆ ಕಾರಿನ ಟಯರು ಹಾಕುವುದುಂಟು. ನಮ್ಮ ಗುಜರಾತಿ ನೆರೆಹೊರೆಯವರನ್ನು ಕೇಳಿ. ಸೌರಾಷ್ಟ್ರದ ಛಕಡೋ ಎಂಬ, ಮೋಟಾರ್ ಸೈಕಲ್ಲಿನ ಮುಖ ಹೊತ್ತ ಮೂರು ಗಾಲಿಯ ವಾಹನದ ಕಥೆ ಹೇಳಿಯಾರು. ಅದೂ ವಾಲುವುದಿಲ್ಲ. ಮೂರು ಗಾಲಿಗೆ ಸಲ್ಲುವುದು ಎರಡಕ್ಕೆ ಸಲ್ಲದಿರುವುದರ ಗುಟ್ಟು ಇಷ್ಟೇ.

ಕಾಯಿದೆಯ ಕಡೆಗೂ ಕಣ್ಣಿರಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಮೇಲೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆದೀತು. ಅಪಘಾತವಾದರೆ ವಿಮೆಯವರಿಗೂ ತಕರಾರಿಗೊಂದು ನೆಪ ದೊರೆತಂತೆ.

ಉಳಿತಾಯ ಬೇಕೆಂದರೆ ನೇರ ದಾರಿಗಳಿವೆ. ವಾರಕ್ಕೊಮ್ಮೆ, ಟಯರು ತಣ್ಣಗಿರುವಾಗ ಗಾಳಿ ನೋಡಿಸಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಯ ಟಯರನ್ನೇ ಕೊಳ್ಳಿ. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಿ. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು. ಸಿಯೆಟ್ ಕಂಪನಿ 1958ರಲ್ಲಿ ಹುಟ್ಟಿದ ಊರಿದು. ಇಲ್ಲಿ ಒಳ್ಳೆಯ ಟಯರಿಗೇನು ಬರವೇ? ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮ ಮನೆಯ ಗಾಡಿಯ ಹಿಂದಿನ ಗಾಲಿಯನ್ನು ಒಮ್ಮೆ ಬಾಗಿ ನೋಡಿ. ದುಂಡಗಿರಬೇಕಾದ ಟಯರಿನ ನಡುವು ಸವೆದು ಚಪ್ಪಟೆಯಾಗಿದ್ದರೆ, ಹೊಸದು ಹಾಕಿಸುವ ಕಾಲ ಬಂದಿತೆಂದು ತಿಳಿಯಿರಿ.