ಹಿರಿಯರಿಂದ ಬಂದ ರಿವಾಲ್ವರ್: ವಾರಸುದಾರರು ತಿಳಿದಿರಬೇಕಾದ ವಿಷಯಗಳು

ಹಿರಿಯರು ಬಿಟ್ಟುಹೋದ ಜಮೀನು, ಮನೆ, ಒಡವೆಗಳಂತೆ ಅವರ ಹೆಸರಿನಲ್ಲಿದ್ದ ಬಂದೂಕು, ರಿವಾಲ್ವರ್ ಅಥವಾ ಪಿಸ್ತೂಲು ಸಹ ವಾರಸುದಾರರ ಪಾಲಿಗೆ ಬರುತ್ತದೆ. ಆದರೆ ಇವೆರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಪೌತಿ ಖಾತೆ ಆಗುವುದು ತಡವಾದರೂ ಮಕ್ಕಳು ತಂದೆಯ ಜಮೀನಿನಲ್ಲಿ ಉಳುಮೆ ಮಾಡಿಕೊಂಡಿರುತ್ತಾರೆ. ಆಯುಧದ ವಿಷಯದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಪರವಾನಗಿಯನ್ನು ನೀಡಿರುವುದು ವ್ಯಕ್ತಿಗೆ. ಆ ವ್ಯಕ್ತಿಯ ಮರಣಾನಂತರ ಅದು ಮಕ್ಕಳಿಗೆ ತಾನಾಗಿಯೇ ವರ್ಗಾವಣೆಯಾಗುವುದಿಲ್ಲ. ಆಯುಧದ ಮೌಲ್ಯದಲ್ಲಿ ವಾರಸುದಾರರಿಗೆ ಹಕ್ಕಿದ್ದರೂ, ಅದನ್ನು ವಶದಲ್ಲಿಟ್ಟುಕೊಳ್ಳುವ ಹಕ್ಕು ಹೊಸ ಪರವಾನಗಿಯಿಂದ ಮಾತ್ರ ಲಭಿಸುತ್ತದೆ. ಈ ಒಂದು ಅಂಶವನ್ನು ಅರಿಯದ ಕಾರಣ ಪ್ರಾಮಾಣಿಕ ಕುಟುಂಬಗಳೂ ತೊಂದರೆಗೆ ಸಿಲುಕುವ ಸಂಭವವಿರುವುದರಿಂದ, ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಒಂದು ಉದಾಹರಣೆ

ಹೊಳೆನರಸೀಪುರ ತಾಲ್ಲೂಕು ಹಳ್ಳಿಮೈಸೂರು ಹೋಬಳಿಯ ಒಂದು ಕೃಷಿಕ ಕುಟುಂಬವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಸೇನೆಯಿಂದ ನಿವೃತ್ತರಾಗಿ ಊರಿನಲ್ಲಿ ನೆಲೆಸಿದ್ದ ಯಜಮಾನರು ನಿಧನರಾಗಿದ್ದಾರೆ. ತಿಥಿ ಕಾರ್ಯ ಮುಗಿದ ಮೇಲೆ ಬೀರು ತೆಗೆದು ನೋಡಿದಾಗ ಚರ್ಮದ ಚೀಲದಲ್ಲಿ ಒಂದು ದೊಡ್ಡ ರಿವಾಲ್ವರ್, ತಗಡಿನ ಡಬ್ಬಿಯಲ್ಲಿ ಹನ್ನೊಂದು ತೋಟಾಗಳು ಮತ್ತು ಯಜಮಾನರ ಹೆಸರಿನ ಪರವಾನಗಿ ಪುಸ್ತಕ ದೊರೆಯುತ್ತವೆ. ಮನೆಯಲ್ಲಿ ಅವರ ಪತ್ನಿ, ಬೇಸಾಯ ನೋಡಿಕೊಳ್ಳುವ ಕಿರಿಯ ಮಗ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಹಿರಿಯ ಮಗ, ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋಗಿರುವ ಮಗಳು ಹಾಗೂ ಆರು ವರ್ಷದ ಮೊಮ್ಮಗ ಇದ್ದಾರೆ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಮೂರು ತಪ್ಪುಗಳು ಆಗುತ್ತವೆ. ತಂದೆಯ ನೆನಪಿಗೆಂದು ಅದನ್ನು ಮತ್ತೆ ಬೀರುವಿನಲ್ಲಿಯೇ ಇಟ್ಟು ಸುಮ್ಮನಾಗುವುದು ಮೊದಲನೆಯದು. ಹಿರಿಯ ಮಗ ತನ್ನ ಪಾಲೆಂದು ಕಾರಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಒಯ್ಯುವುದು ಎರಡನೆಯದು. ಇನ್ನೂ ಕೆಲಸ ಮಾಡುತ್ತದೆಯೇ ನೋಡೋಣವೆಂದು ಕಿರಿಯ ಮಗ ತೋಟದಲ್ಲಿ ಹಾರಿಸಿ ನೋಡುವುದು ಮೂರನೆಯದು. ಆಯುಧ ಅಧಿನಿಯಮ, 1959ರ ಪ್ರಕರಣ 3ರ ಪ್ರಕಾರ ಪರವಾನಗಿ ಇಲ್ಲದೆ ಯಾವುದೇ ವ್ಯಕ್ತಿ ಬಂದೂಕು ವರ್ಗದ ಆಯುಧವನ್ನು ಪಡೆಯುವಂತಿಲ್ಲ, ವಶದಲ್ಲಿಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. 2019ರ ತಿದ್ದುಪಡಿಯ ನಂತರ ಈ ಉಲ್ಲಂಘನೆಗೆ ಕನಿಷ್ಠ 2 ವರ್ಷಗಳಿಂದ ಗರಿಷ್ಠ 5 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ಜುಲ್ಮಾನೆಯನ್ನು ವಿಧಿಸಲು ಅವಕಾಶವಿದೆ. ಆಯುಧ ತಂದೆಯದು, ಅದಕ್ಕೆ ಪರವಾನಗಿಯಿತ್ತು ಎಂಬ ಕಾರಣದಿಂದ ಮಗನ ವಶವು ಕಾನೂನುಬದ್ಧವಾಗುವುದಿಲ್ಲ.

2. ಮೊದಲು ಮಾಡಬೇಕಾದ ಕೆಲಸ

ಪರವಾನಗಿದಾರರು ಮರಣ ಹೊಂದಿದ ಕೂಡಲೇ ಕುಟುಂಬದವರು ಈ ವಿಷಯವನ್ನು ಸಮೀಪದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು. ಮೇಲಿನ ಉದಾಹರಣೆಯಲ್ಲಿ ಅದು ಹಳ್ಳಿಮೈಸೂರು ಪೊಲೀಸ್ ಠಾಣೆ. ಆಯುಧದ ಪರಿಚಯವಿಲ್ಲದವರು ಅದನ್ನು ತೆರೆದು ಪರೀಕ್ಷಿಸುವ ಗೋಜಿಗೆ ಹೋಗದೆ, ಇದ್ದಲ್ಲಿಯೇ ಬೀಗ ಹಾಕಿ ಮಕ್ಕಳಿಗೆ ಎಟುಕದಂತೆ ನೋಡಿಕೊಂಡು, ಠಾಣೆಗೆ ಮುಂಚಿತವಾಗಿ ತಿಳಿಸಿ, ಅಲ್ಲಿ ಸೂಚಿಸಿದ ರೀತಿಯಲ್ಲಿ ತಲುಪಿಸುವುದು ಕ್ಷೇಮಕರ. ಹೇಳದೆ ಕೇಳದೆ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯಬಾರದು.

ಅಧಿನಿಯಮದ ಪ್ರಕರಣ 21ರ ಪ್ರಕಾರ, ಯಾವುದೇ ಕಾರಣದಿಂದ ಆಯುಧವನ್ನು ವಶದಲ್ಲಿಟ್ಟುಕೊಳ್ಳುವುದು ಕಾನೂನುಬದ್ಧವಲ್ಲವೆಂದಾದಾಗ ಅದನ್ನು ಅನಾವಶ್ಯಕ ವಿಳಂಬವಿಲ್ಲದೆ ಸಮೀಪದ ಠಾಣಾಧಿಕಾರಿಗಳಲ್ಲಿ ಅಥವಾ ನಿಯಮಗಳಿಗೆ ಒಳಪಟ್ಟು ಪರವಾನಗಿ ಹೊಂದಿದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಆಯುಧ ಕುಟುಂಬದ ಕೈತಪ್ಪಿ ಹೋಯಿತೆಂದು ಭಾವಿಸಬೇಕಾಗಿಲ್ಲ. ಅರ್ಹತೆ ದೊರೆತ ಮೇಲೆ ಹಿಂಪಡೆಯಲು ಅಥವಾ ಅರ್ಹ ವ್ಯಕ್ತಿಗೆ ಮಾರಿ ಹಣ ಪಡೆಯಲು ಇದೇ ಪ್ರಕರಣದಲ್ಲಿ ಅವಕಾಶವಿದೆ. ಆದರೆ ನಿಯಮಿಸಿದ ಅವಧಿಯೊಳಗೆ ಹಿಂಪಡೆಯದೆ, ವಿಲೇವಾರಿಯನ್ನೂ ಮಾಡದೆ ಇದ್ದಲ್ಲಿ ಜಿಲ್ಲಾ ದಂಡಾಧಿಕಾರಿಗಳ ಆದೇಶದ ಮೇರೆಗೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಆದ್ದರಿಂದ ಆಯುಧದ ತಯಾರಿಕಾ ಸಂಖ್ಯೆ, ಬೋರ್, ತೋಟಾಗಳ ಸಂಖ್ಯೆ ಹಾಗೂ ದಿನಾಂಕ ನಮೂದಿಸಿದ ಸ್ವೀಕೃತಿಯನ್ನು ತಪ್ಪದೆ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಪರವಾನಗಿ ಪುಸ್ತಕ ಸಿಗದಿದ್ದಲ್ಲಿ ಅದನ್ನು ಹುಡುಕುವ ನೆಪದಲ್ಲಿ ತಿಂಗಳುಗಟ್ಟಲೆ ಕಾಯಬಾರದು. ಪರವಾನಗಿ ನೀಡಿದ ಕಚೇರಿಯಲ್ಲಿ ಅದರ ದಾಖಲೆಯನ್ನು ಪರಿಶೀಲಿಸಬಹುದು.

3. ದೊಡ್ಡ ಬೋರಿನ ರಿವಾಲ್ವರ್ ಆದಲ್ಲಿ

ಎಲ್ಲ ರಿವಾಲ್ವರುಗಳೂ ಒಂದೇ ಪ್ರವರ್ಗಕ್ಕೆ ಸೇರುವುದಿಲ್ಲ. ಆಯುಧ ನಿಯಮಗಳು, 2016ರ ಮೊದಲನೇ ಅನುಸೂಚಿಯಲ್ಲಿ 0.380 ಅಥವಾ 0.455 ಅಂಗುಲದ ಅಂಚುಳ್ಳ ತೋಟಾಗಳನ್ನು ಹಾರಿಸಬಲ್ಲ ರಿವಾಲ್ವರುಗಳನ್ನು ನಿರ್ಬಂಧಿತ ಆಯುಧಗಳ ಪ್ರವರ್ಗದಲ್ಲಿ ಸೇರಿಸಲಾಗಿದೆ. ಜನಸಾಮಾನ್ಯರು ಇವುಗಳನ್ನು ನಿಷೇಧಿತ ಬೋರ್ ಎಂದು ಕರೆಯುವುದು ವಾಡಿಕೆ. ಬ್ರಿಟಿಷ್ ಸೇನೆ 1887ರಲ್ಲಿ ಅಳವಡಿಸಿಕೊಂಡ ವೆಬ್ಲಿ ರಿವಾಲ್ವರ್ ಮತ್ತು 1915ರಲ್ಲಿ ಬಳಕೆಗೆ ಬಂದ ಅದರ ಆರನೆಯ ಮಾದರಿ 0.455 ಬೋರಿನವು. ಅಂತಹ ತೋಟಾದ ಗುಂಡಿನ ತೂಕ ಸುಮಾರು 17 ಗ್ರಾಂ. ಇಂದು ನಾಗರಿಕರ ಬಳಿ ಸಾಮಾನ್ಯವಾಗಿರುವ 0.32 ಬೋರಿನ ರಿವಾಲ್ವರಿನ ಗುಂಡು ಸುಮಾರು 6 ಗ್ರಾಂ ಮಾತ್ರ.

ನಿರ್ಬಂಧಿತ ಪ್ರವರ್ಗದ ಆಯುಧಗಳ ಪರವಾನಗಿಯ ಅಧಿಕಾರ ಕೇಂದ್ರ ಸರ್ಕಾರದ ಗೃಹ ಮಂತ್ರಾಲಯದ್ದಾಗಿರುತ್ತದೆ. ಹೀಗಾಗಿ ವಾರಸುದಾರರು ಮೊದಲು ಪರವಾನಗಿ ಪುಸ್ತಕದಲ್ಲಿ ನಮೂದಾಗಿರುವ ಬೋರ್ ಯಾವುದೆಂದು ನೋಡಿಕೊಂಡು, ಅದಕ್ಕೆ ಅನುಗುಣವಾಗಿ ಮುಂದಿನ ಕ್ರಮ ಕೈಗೊಳ್ಳಬೇಕು.

ಆಯುಧ ಬಹಳ ಹಳೆಯದಾದ್ದರಿಂದ ಪರವಾನಗಿ ಬೇಕಾಗಿಲ್ಲ ಎಂಬ ಅಭಿಪ್ರಾಯ ಸಹ ಸರಿಯಲ್ಲ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಬಂದೂಕಿಗೆ ಪ್ರಕರಣ 45ರಲ್ಲಿ ವಿನಾಯಿತಿ ಇರುವುದು, ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿದ್ದಾಗ ಮಾತ್ರ. ತುಕ್ಕು ಹಿಡಿದಿದ್ದರೂ ರಿಪೇರಿಯಿಂದ ಕೆಲಸ ಮಾಡಬಲ್ಲ ರಿವಾಲ್ವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಅರಕಲಗೂಡು ತಾಲ್ಲೂಕಿಗೆ ಹೊಂದಿಕೊಂಡಿರುವ ಕೊಡಗು ಜಿಲ್ಲೆಯಲ್ಲಿ ಪರವಾನಗಿ ಬೇಡವಂತೆ ಎಂಬ ಮಾತನ್ನು ಸಹ ಈ ಭಾಗದಲ್ಲಿ ಕೇಳಬಹುದು. ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ನೀಡಿರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಲಾಗಿದೆ. ಗಡಿ ಸಮೀಪದಲ್ಲಿದೆ ಎಂಬ ಕಾರಣಕ್ಕೆ ಹಾಸನ ಜಿಲ್ಲೆಯ ಇತರ ನಿವಾಸಿಗಳಿಗೆ ಅದು ಅನ್ವಯಿಸುವುದಿಲ್ಲ.

4. ವಾರಸುದಾರರು ಪರವಾನಗಿ ಕೋರುವ ವಿಧಾನ

ಆಯುಧ ನಿಯಮಗಳು, 2016ರ ನಿಯಮ 25ರಲ್ಲಿ ಮೃತ ಪರವಾನಗಿದಾರರ ಕಾನೂನುಬದ್ಧ ವಾರಸುದಾರರಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸಲಾಗಿದೆ. ಅರ್ಜಿಯನ್ನು ಅರ್ಜಿದಾರರು ಸಾಮಾನ್ಯವಾಗಿ ವಾಸವಿರುವ ಸ್ಥಳದ ಪರವಾನಗಿ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಉದಾಹರಣೆಯಲ್ಲಿನ ಕಿರಿಯ ಮಗ ಹಾಸನದ ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ದಂಡಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸಬೇಕಾದರೆ, ಬೆಂಗಳೂರು ನಗರದಲ್ಲಿ ವಾಸವಿರುವ ಹಿರಿಯ ಮಗ ಅಲ್ಲಿನ ಪೊಲೀಸ್ ಆಯುಕ್ತರಿಗೆ ಸಲ್ಲಿಸಬೇಕಾಗುತ್ತದೆ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಅಗತ್ಯವಾಗುವ ದಾಖಲೆಗಳು:

(ಅ) ಪರವಾನಗಿದಾರರ ಮರಣ ಪ್ರಮಾಣ ಪತ್ರ ಮತ್ತು ಮೂಲ ಪರವಾನಗಿ ಪುಸ್ತಕ;
(ಆ) ವಂಶವೃಕ್ಷ ಅಥವಾ ವಾರಸುದಾರಿಕೆಯನ್ನು ತೋರಿಸುವ ದಾಖಲೆ;
(ಇ) ಇತರ ಎಲ್ಲ ವಾರಸುದಾರರ ನಿರಾಕ್ಷೇಪಣಾ ಪತ್ರ;
(ಈ) ಗುರುತು, ವಿಳಾಸ ಹಾಗೂ ವಯಸ್ಸಿನ ದಾಖಲೆಗಳು ಮತ್ತು ಭಾವಚಿತ್ರಗಳು;
(ಉ) ದೈಹಿಕ ಹಾಗೂ ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣ ಪತ್ರ;
(ಊ) ಆಯುಧ ಸುರಕ್ಷತಾ ತರಬೇತಿಯ ಪ್ರಮಾಣ ಪತ್ರ;
(ಋ) ಆಯುಧ ಠೇವಣಿಯ ಸ್ವೀಕೃತಿ.

ಇವುಗಳಲ್ಲಿ ನಿರಾಕ್ಷೇಪಣಾ ಪತ್ರದ ಬಗ್ಗೆ ವಿಶೇಷ ಗಮನ ಅವಶ್ಯ. ತಾಯಿಯೂ, ಮದುವೆಯಾಗಿ ಹೋದ ಮಗಳೂ ವಾರಸುದಾರರೇ ಆಗಿರುತ್ತಾರೆ. ಗಂಡು ಮಕ್ಕಳು ತಮ್ಮೊಳಗೆ ಮಾತನಾಡಿಕೊಂಡು ಅರ್ಜಿ ಹಾಕಿದ ಮಾತ್ರಕ್ಕೆ ವಿಷಯ ಇತ್ಯರ್ಥವಾಗುವುದಿಲ್ಲ. ಒಬ್ಬರ ಆಕ್ಷೇಪಣೆಯಿಂದಲೂ ಅರ್ಜಿ ನೆನೆಗುದಿಗೆ ಬೀಳಬಹುದು. ಆದುದರಿಂದ ಎಲ್ಲರೂ ಒಟ್ಟಿಗೆ ಕುಳಿತು, ಆಯುಧ ಈ ಮನೆಗೆ ನಿಜವಾಗಿಯೂ ಬೇಕೆ, ಬೇಕಾದಲ್ಲಿ ಯಾರ ಹೆಸರಿಗೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಸೂಕ್ತ.

ಅರ್ಜಿ ಬಂದ ನಂತರ ಪರವಾನಗಿ ಪ್ರಾಧಿಕಾರವು ಪ್ರಕರಣ 13ರ ಪ್ರಕಾರ ಠಾಣಾಧಿಕಾರಿಗಳಿಂದ ವರದಿ ತರಿಸಿಕೊಂಡು ವಿಚಾರಣೆ ನಡೆಸುತ್ತದೆ. 21 ವರ್ಷ ತುಂಬದವರಿಗೆ ಹಾಗೂ ಮಾನಸಿಕ ಅಸ್ವಸ್ಥರಿಗೆ ಪರವಾನಗಿ ದೊರೆಯುವುದಿಲ್ಲ. 2019ರ ತಿದ್ದುಪಡಿಯಂತೆ ಒಬ್ಬ ವ್ಯಕ್ತಿ ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಹೊಂದುವಂತಿಲ್ಲ. ವಾರಸಾಗಿ ಬರುವ ಆಯುಧವೂ ಈ ಮಿತಿಗೆ ಒಳಪಡುತ್ತದೆ. ಪರವಾನಗಿಯ ಅವಧಿ ಈಗ 5 ವರ್ಷಗಳು. ಅರ್ಜಿ ತಿರಸ್ಕೃತವಾದಲ್ಲಿ ಪ್ರಕರಣ 18ರ ಅನ್ವಯ ಮೇಲ್ಮನವಿ ಸಲ್ಲಿಸಬಹುದು.

5. ಬಳಕೆಯನ್ನು ಕಲಿಯುವುದು

ತಂದೆ ಆಯುಧವನ್ನು ಹಿಡಿದದ್ದನ್ನು ನೋಡಿ ಬೆಳೆದವರಿಗೂ ಅದರ ಬಳಕೆ ತಿಳಿದಿರುತ್ತದೆಂದು ಹೇಳಲಾಗದು. ಅದಕ್ಕಾಗಿಯೇ 2016ರ ನಿಯಮಗಳು ತರಬೇತಿಯನ್ನು ಅಗತ್ಯಪಡಿಸಿವೆ. ಸುರಕ್ಷಿತವಾಗಿ ಹಿಡಿಯುವುದು, ಗುಂಡು ಹಾರಿಸುವ ಕ್ರಮ, ಆಯುಧದ ನಿಗಾ, ದಾಸ್ತಾನು ಮತ್ತು ಸಾಗಣೆ ಈ ತರಬೇತಿಯಲ್ಲಿ ಸೇರಿರುತ್ತವೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯ ವತಿಯಿಂದ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸಲಾಗಿದೆ. ಮನೆಯ ಹಳೆಯ ಆಯುಧದಿಂದ ಸ್ವಂತವಾಗಿ ಕಲಿಯುವ ಪ್ರಯತ್ನ ಸಲ್ಲದು.

ರಿವಾಲ್ವರಿನ ಬಗ್ಗೆ ಮೂರು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದಾಗಿ, ಹೆಚ್ಚಿನ ರಿವಾಲ್ವರುಗಳಲ್ಲಿ ಕೈಯಿಂದ ಹಾಕಿ ತೆಗೆಯುವ ಸುರಕ್ಷತಾ ಕೀಲು ಇರುವುದಿಲ್ಲ. ಕೊಠಡಿಯಲ್ಲಿ ತೋಟಾ ಇದ್ದು ಟ್ರಿಗರ್ ಎಳೆದರೆ ಗುಂಡು ಹಾರುತ್ತದೆ. ಎರಡನೆಯದಾಗಿ, ವೆಬ್ಲಿಯಂತಹ ಆಯುಧಗಳಲ್ಲಿ ಹ್ಯಾಮರನ್ನು ಮೊದಲೇ ಹಿಂದಕ್ಕೆ ಎಳೆದಿಟ್ಟಿದ್ದರೆ ಟ್ರಿಗರಿಗೆ ಅತ್ಯಲ್ಪ ಒತ್ತಡ ಸಾಕು. ಮಗುವಿನ ಬೆರಳಿಗೂ ಅದು ಸಾಧ್ಯವಾಗಬಹುದು. ಮೂರನೆಯದಾಗಿ, ದೊಡ್ಡ ಬೋರಿನ ರಿವಾಲ್ವರ್ ಗುಂಡು ಹಾರಿದಾಗ ಕೈಯನ್ನು ಬಲವಾಗಿ ಹಿಂದಕ್ಕೆ ಒದೆಯುತ್ತದೆ. ಹಿಡಿತ ತಿಳಿಯದವರ ಕೈಯಲ್ಲಿ ನಳಿಗೆ ಮೇಲಕ್ಕೆ ಅಥವಾ ಪಕ್ಕಕ್ಕೆ ಹೊರಳಿ, ಎರಡನೆಯ ಗುಂಡು ಎತ್ತ ಹೋಗುವುದೆಂದು ಹೇಳಲಾಗದು.

ಈ ಕಾರಣಗಳಿಂದಲೇ ತರಬೇತಿಯ ಮೊದಲ ಪಾಠ ಗುರಿ ಇಡುವುದಲ್ಲ, ಖಾಲಿ ಮಾಡುವುದು. ಆಯುಧವನ್ನು ಕೈಗೆತ್ತಿಕೊಂಡ ಪ್ರತಿ ಸಲವೂ ಅದರಲ್ಲಿ ತೋಟಾ ಇದೆಯೆಂದೇ ತಿಳಿಯಬೇಕು. ನಳಿಗೆಯನ್ನು ಯಾವ ವ್ಯಕ್ತಿಯ ಕಡೆಗೂ ತಿರುಗಿಸಬಾರದು. ಹಾರಿಸುವ ಕ್ಷಣದವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು. ಗುರಿಯ ಹಿಂದೆ ಏನಿದೆ ಎಂಬುದು ತಿಳಿದಿರಬೇಕು. ಹಲವು ವರ್ಷಗಳಿಂದ ಡಬ್ಬಿಯಲ್ಲಿದ್ದ ತೋಟಾಗಳನ್ನು ಬಳಸದೆ ಠಾಣೆಗೆ ಒಪ್ಪಿಸಬೇಕು. ಮನೆಯಲ್ಲಿ ಆಯುಧವನ್ನು ಖಾಲಿ ಮಾಡಿ ಬೀಗದಲ್ಲಿಯೂ, ತೋಟಾಗಳನ್ನು ಬೇರೆ ಬೀಗದಲ್ಲಿಯೂ ಇಡಬೇಕು.

ಪರವಾನಗಿ ದೊರೆತ ಮೇಲೂ ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವಂತಿಲ್ಲ. ಇತರರ ಸುರಕ್ಷತೆಗೆ ಧಕ್ಕೆಯಾಗುವಂತೆ ಹಾಗೆ ಹಾರಿಸಿದಲ್ಲಿ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಚುನಾವಣೆಯ ಸಂದರ್ಭದಲ್ಲಿ ಆದೇಶವಾದಾಗ ಆಯುಧವನ್ನು ಠೇವಣಿ ಇಡುವುದೂ ಪರವಾನಗಿದಾರರ ಕರ್ತವ್ಯ.

6. ಆಯುಧ ಬೇಡವೆಂದಾದಲ್ಲಿ

ವಾರಸಾಗಿ ಬಂದ ಆಯುಧವನ್ನು ಉಳಿಸಿಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಪರವಾನಗಿ ಪ್ರಾಧಿಕಾರದ ಅನುಮತಿ ಪಡೆದು ಅರ್ಹ ಪರವಾನಗಿದಾರರಿಗೆ ಅಥವಾ ವ್ಯಾಪಾರಿಗೆ ಮಾರಬಹುದು. ಇಲ್ಲವೇ ಸರ್ಕಾರಕ್ಕೆ ಒಪ್ಪಿಸಬಹುದು. ತಂದೆಯ ನೆನಪಿನ ವಸ್ತುವನ್ನು ಬಿಟ್ಟುಕೊಡುವುದು ಕುಟುಂಬಕ್ಕೆ ಸುಲಭವಲ್ಲ. ಆದರೂ ಬಳಸಲು ಬಾರದ, ಕಾಯಲು ಆಗದ ಆಯುಧ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇರುವುದು ಕ್ಷೇಮವೇ ಎಂಬುದನ್ನು ಮನೆಯವರು ಯೋಚಿಸಬೇಕು.

7. ಬದುಕಿರುವಾಗಲೇ ಮಾಡಬಹುದಾದ ವ್ಯವಸ್ಥೆ

ಮೇಲಿನ ಉದಾಹರಣೆಯ ಯಜಮಾನರು ತಾವಿರುವಾಗಲೇ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಬಹುದಿತ್ತು. ನಿಯಮ 25ರಂತೆ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಆಯುಧವನ್ನು 25 ವರ್ಷ ಹೊಂದಿದ್ದಾಗ, ಇವುಗಳಲ್ಲಿ ಯಾವುದು ಮೊದಲೋ ಆಗ, ಅವರು ಸೂಚಿಸಿದ ವಾರಸುದಾರರಿಗೆ ಪರವಾನಗಿ ನೀಡಲು ಅವಕಾಶವಿದೆ. ಹೀಗೆ ಮಾಡಿದಲ್ಲಿ ಆಯುಧದ ಗುಣದೋಷಗಳನ್ನು ಬಲ್ಲ ಹಿರಿಯರೇ ಮುಂದೆ ನಿಂತು ತಿಳಿಸಿಕೊಟ್ಟಂತಾಗುತ್ತದೆ. ಮಕ್ಕಳ ನಡುವೆ ಮನಸ್ತಾಪಕ್ಕೂ ಎಡೆಯಿರುವುದಿಲ್ಲ. ಪರವಾನಗಿ ಹೊಂದಿರುವ ಹಿರಿಯ ನಾಗರಿಕರು ಈ ಅವಕಾಶವನ್ನು ಸದುಪಯೋಗಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.

ಹೆಚ್ಚಿನ ವಿವರಗಳಿಗಾಗಿ ಸಮೀಪದ ಪೊಲೀಸ್ ಠಾಣೆಯನ್ನು ಅಥವಾ ಜಿಲ್ಲಾಧಿಕಾರಿಗಳ ಕಚೇರಿಯ ಸಂಬಂಧಪಟ್ಟ ಶಾಖೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.