ಮದರಂಗಿ: ಅಂಗಡಿಯ ಕೋನ್ ಬೇಡ, ಅಂಗಳದಲ್ಲೊಂದು ಗಿಡವಿರಲಿ

ಈದ್ ಕಳೆದ ನಾಲ್ಕನೇ ದಿನ ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ತಾಯಿ ನನ್ನ ಕ್ಲಿನಿಕ್‌ಗೆ ಕರೆತಂದಿದ್ದರು. ಕೈಯಲ್ಲಿ ಬಳ್ಳಿ, ಹೂವು ಬಿಡಿಸಿದ್ದ ಜಾಗದಲ್ಲೆಲ್ಲ ಅದೇ ಆಕಾರದಲ್ಲಿ ಚರ್ಮ ಉಬ್ಬಿ ನೀರುಗುಳ್ಳೆಗಳೆದ್ದಿದ್ದವು. "ಡಾಕ್ಟ್ರೇ, ಮದರಂಗಿ ತಂಪಲ್ವಾ? ಹೀಗೆ ಹೇಗಾಯ್ತು?" ಎಂದು ಕೇಳಿದರು ತಾಯಿ. ಕೋನ್ ಅಂಗಡಿಯದು. ಹಚ್ಚಿದ ಅರ್ಧ ಗಂಟೆಯಲ್ಲೇ ಕಡುಕಪ್ಪು ಬಣ್ಣ ಬಂದಿತ್ತಂತೆ.

ನಿಜವಾದ ಮದರಂಗಿಗೆ ಆ ಬಣ್ಣ ಬರುವುದೇ ಇಲ್ಲ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಅಂಶ ಚರ್ಮದ ಮೇಲ್ಪದರಕ್ಕೆ ಅಂಟಿ ಮೊದಲು ಕಿತ್ತಳೆ ಬಣ್ಣ ಕೊಡುತ್ತದೆ, ಒಂದೆರಡು ದಿನಗಳಲ್ಲಿ ಕಂದುಗೆಂಪಿಗೆ ತಿರುಗುತ್ತದೆ. ಗಳಿಗೆಯಲ್ಲಿ ಕಪ್ಪಾಗುವ ಕೋನ್‌ಗಳಲ್ಲಿ ಹೆಚ್ಚಾಗಿ ಬೆರೆಸುವುದು ಪಿಪಿಡಿ ಎಂಬ ರಾಸಾಯನಿಕವನ್ನು. ತಲೆಗೂದಲಿನ ಕಪ್ಪು ಡೈಯಲ್ಲಿರುವುದೂ ಇದೇ. ಯುರೋಪಿನ ದೇಶಗಳಲ್ಲಿ ಕೂದಲ ಡೈಯಲ್ಲಿ ಇದು ಶೇ. 2ಕ್ಕಿಂತ ಹೆಚ್ಚಿರುವಂತಿಲ್ಲ, ಚರ್ಮಕ್ಕೆ ಹಚ್ಚುವ ವಸ್ತುಗಳಲ್ಲಿ ಬಳಸುವಂತೆಯೇ ಇಲ್ಲ. ಒಮ್ಮೆ ಇದರ ಅಲರ್ಜಿ ಹತ್ತಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಇಂದು ಕೈಯಲ್ಲಿ ಗುಳ್ಳೆ ಎದ್ದ ಹುಡುಗಿ ಮುಂದೆ ತಲೆಗೆ ಡೈ ಹಚ್ಚಿದಾಗ ಮುಖವೆಲ್ಲ ಊದಿಕೊಳ್ಳಬಹುದು. ಆ ಮಗುವನ್ನು ನಾನು ಚರ್ಮತಜ್ಞರ ಬಳಿಗೇ ಕಳುಹಿಸಿದೆ. ಇಂಥ ಗುಳ್ಳೆಗಳಿಗೆ ಮನೆಮದ್ದು ಹಚ್ಚುತ್ತ ಕೂರಬೇಡಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಾಯಿ ಹೇಳಿದ್ದರಲ್ಲಿ ತಪ್ಪಿಲ್ಲ. ಯುನಾನಿಯಲ್ಲಿ ಹಿನ್ನಾದ ಮಿಜಾಜನ್ನು ಸಾಮಾನ್ಯವಾಗಿ ತಂಪು ಮತ್ತು ಒಣ ಎಂದೇ ಹೇಳುತ್ತಾರೆ. ಆದರೆ ಆ ಮಾತು ಎಲೆಗೆ ಸಲ್ಲುತ್ತದೆ, ಕೋನ್‌ಗಲ್ಲ.

ಕರಾವಳಿಯಲ್ಲಿ ಮದರಂಗಿ, ಬಯಲುಸೀಮೆಯಲ್ಲಿ ಗೋರಂಟಿ, ಉರ್ದುವಿನಲ್ಲಿ ಮೆಹೆಂದಿ ಎನಿಸಿಕೊಳ್ಳುವ ಈ ಗಿಡ ಬಿಸಿಲಿನ ಮಗಳು. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್‌ನಲ್ಲಿ ಹೊಲಗಟ್ಟಲೆ ಬೆಳೆಯುತ್ತಾರೆ. ಸೋಜತ್ ಮೆಹೆಂದಿಗೆ 2021ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಮಳೆ ಕಡಿಮೆ, ಬಿಸಿಲು ಧಾರಾಳ. ಒಣ ಬಿಸಿಲಿಗೇ ಎಲೆಯಲ್ಲಿ ಬಣ್ಣ ತುಂಬುವುದು. ಒಮ್ಮೆ ನಾಟಿ ಮಾಡಿದ ಹೊಲ ಇಪ್ಪತ್ತು ವರ್ಷಕ್ಕೂ ಮೇಲೆ ಎಲೆ ಕೊಡುತ್ತದೆ.

ನಿಮ್ಮ ಮನೆಗೆ ಒಂದೇ ಗಿಡ ಸಾಕು. ಮಳೆಗಾಲದ ಆರಂಭದಲ್ಲಿ ನೆರೆಮನೆಯ ಗಿಡದಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ತಂದು ಮರಳು ಬೆರೆಸಿದ ಮಣ್ಣಿನಲ್ಲಿ ಊರಿ. ಒಂದು ಒಣಗಿದರೂ ಇನ್ನೊಂದು ಚಿಗುರಲಿ ಎಂದು ನಾಲ್ಕೈದು ಕಡ್ಡಿ ಊರುವುದು ಒಳ್ಳೆಯದು. ಬೀಜದಿಂದಲೂ ಬೆಳೆಸಬಹುದು, ಆದರೆ ಕೆಲವು ದಿನ ನೀರು ಬದಲಾಯಿಸುತ್ತ ನೆನೆಸಿಡುವ ತಾಳ್ಮೆ ಬೇಕು. ದಿನವಿಡೀ ಬಿಸಿಲು ಬೀಳುವ ಜಾಗ ಆರಿಸಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕರಾವಳಿಯವರು ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಬೇಕು. ಬೇರೂರಿದ ಮೇಲೆ ನೀರಿಗಾಗಿ ಕಾಡುವ ಗಿಡವಲ್ಲ. ಹಳೆಯ ಕೊಂಬೆಗಳ ತುದಿ ಮುಳ್ಳಾಗುತ್ತದೆ, ಮಕ್ಕಳು ಓಡಾಡುವ ದಾರಿಯಿಂದ ಸ್ವಲ್ಪ ದೂರವಿರಲಿ. ಆಗಾಗ ಸವರುತ್ತಿದ್ದರೆ ಹೊಸ ಚಿಗುರು ಬರುತ್ತದೆ. ಒಂದೆರಡು ಕೊಂಬೆ ಹೂವಿಗೆ ಬಿಡಿ. ಹಿನ್ನಾ ಅತ್ತರು ತೆಗೆಯುವುದು ಆ ಹೂವಿನಿಂದಲೇ, ಸಂಜೆ ಅಂಗಳವೆಲ್ಲ ಘಮಘಮ.

ಮಳೆಗಾಲದ ಎಲೆಗೆ ಬಣ್ಣ ಕಡಿಮೆ. ಬಿಸಿಲು ಹತ್ತಿದ ಮೇಲೆ ಕಿತ್ತು, ತಾಜಾ ಎಲೆಯನ್ನು ನಿಂಬೆರಸ ಹಾಕಿ ನುಣ್ಣಗೆ ರುಬ್ಬಿ ಹಚ್ಚಿ. ನಾಲ್ಕೈದು ಗಂಟೆ ಬಿಟ್ಟು ಉದುರಿಸಿ. ಆ ದಿನ ಸೋಪು, ನೀರು ಆದಷ್ಟು ಕಡಿಮೆಯಿರಲಿ. ನಿಕಾಹ್‌ಗೆ ಗಾಢ ಬಣ್ಣ ಬೇಕೆಂದರೆ ಎರಡು ದಿನ ಮೊದಲೇ ಹಚ್ಚಬೇಕು. ಹಿಂದಿನ ರಾತ್ರಿ ಹಚ್ಚಿ ಬೆಳಿಗ್ಗೆ ಕಪ್ಪು ಬೇಕೆನ್ನುವ ಆತುರವೇ ಆ ಕೋನ್‌ಗಳನ್ನು ಸಾಕುತ್ತಿರುವುದು.

ಮನೆಯ ಮದರಂಗಿಯಾದರೂ ಹಸುಗೂಸುಗಳಿಗೆ ಹಚ್ಚಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಲಾಸೋನ್ ಚರ್ಮದ ಮೂಲಕ ಒಳಸೇರಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಮಗು ಬಿಳಿಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ. ಈ ಕೊರತೆ ವಂಶದಲ್ಲಿ ಹರಿದುಬರುವಂಥದ್ದು, ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ಮನೆಯಲ್ಲಿ ಯಾರಿಗಾದರೂ ಇದೆ ಎಂದು ಗೊತ್ತಿದ್ದರೆ ರಕ್ತಪರೀಕ್ಷೆ ಮಾಡಿಸುವ ತನಕ ದೊಡ್ಡ ಮಕ್ಕಳಿಗೂ ಮದರಂಗಿ ಬೇಡ.