ಕಲ್ಲಿನಲ್ಲಿ ಇಲ್ಲದ ಹೆಸರುಗಳು



ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಅಗಲಿದವರನ್ನು ಹೆಸರು ಹೇಳಿ ಸ್ಮರಿಸುತ್ತೇವೆ. ಆದರೆ ದೂರದ ನಾಡಿನಲ್ಲಿ ಮಡಿದು, ಸಮಾಧಿಯೂ ಸಿಗದ ಸೈನಿಕರನ್ನು ನೆನೆಯುವುದು ಎಲ್ಲಿ?

ಮೊದಲನೆಯ ಮಹಾಯುದ್ಧದಲ್ಲಿ ಇಂದಿನ ಇರಾಕ್ ನೆಲದಲ್ಲಿ ಸಾವಿರಾರು ಭಾರತೀಯ ಸೈನಿಕರು ಪ್ರಾಣ ತೆತ್ತರು. ಸಮಾಧಿ ತಿಳಿಯದ 40,000ಕ್ಕೂ ಹೆಚ್ಚು ಮಂದಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕವೊಂದು ಅನಾವರಣಗೊಂಡಿತು. ಅದರಲ್ಲಿ ಬ್ರಿಟಿಷ್ ಸೈನಿಕರ ಹಾಗೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳೋ, ತಮ್ಮ ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆಯಾಗಿ ಉಳಿದರು. ಮಡಿದವರೆಲ್ಲರೂ ಸಮಾನರು ಎಂಬ ತತ್ವವನ್ನು ಸಾರಿದ ಆಯೋಗವೇ ಹೀಗೆ ಮಾಡಿತು! ಇಂತಹ ತಾರತಮ್ಯಕ್ಕಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು 2021ರಲ್ಲಿ ಕ್ಷಮೆ ಯಾಚಿಸಿತು.

ಕಲ್ಲು ಬಿಟ್ಟದ್ದನ್ನು ಇಂದು ಅಂತರಜಾಲ ತುಂಬುತ್ತಿದೆ. 1998ರಿಂದ ಆಯೋಗದ ದಾಖಲೆಗಳನ್ನು ಮನೆಯಲ್ಲೇ ಕುಳಿತು ಉಚಿತವಾಗಿ ಹುಡುಕಬಹುದು. ಹೆಸರು, ರೆಜಿಮೆಂಟು, ಮರಣದ ದಿನ ಸಿಗುತ್ತವೆ. ಕೆಲವರಿಗೆ ತಂದೆಯ ಹೆಸರು, ಹುಟ್ಟೂರು ಕೂಡ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಮನಬಂದಂತೆ ಬರೆದಿರುವುದರಿಂದ ಒಂದೇ ಹೆಸರನ್ನು ಎರಡು ಮೂರು ರೀತಿಯಲ್ಲಿ ಹುಡುಕಿ ನೋಡಬೇಕು.

ನಿಮ್ಮ ಮನೆತನದಲ್ಲಿ ಯುದ್ಧಕ್ಕೆ ಹೋಗಿ ಮರಳದವರು ಇದ್ದಾರೆಯೇ? ಅಜ್ಜ ಅಜ್ಜಿಯರನ್ನು ಕೇಳಿ. ಹೇಗೆ ಹುಡುಕುವುದೆಂದು ಮಕ್ಕಳು ತೋರಿಸಿಕೊಡಲಿ. ಹೆಸರು ದೊರೆತರೆ ಅಷ್ಟಕ್ಕೇ ನಿಲ್ಲಿಸಬೇಡಿ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ. ಯಾರೂ ಸಿಗದಿದ್ದರೆ, ಕೇಳುವವರಿಲ್ಲದ ಒಬ್ಬ ಸಿಪಾಯಿಯ ಹೆಸರನ್ನಾದರೂ ಓದಿ. ನೂರು ವರ್ಷ ಸಂಖ್ಯೆಯಾಗಿದ್ದವನು ಅಂದು ಮತ್ತೆ ಒಬ್ಬ ತಾಯಿಯ ಮಗನಾಗುತ್ತಾನೆ.